ಕಾರಿನ ಎಸಿ ಬಿಚ್ಚುವ ಮೊದಲು ಗ್ಯಾಸ್ ತೆಗೆಸಿ

ಭಾನುವಾರ ಬೆಳಿಗ್ಗೆ ಜೋಳದ ಹಿಟ್ಟು ನಾದುತ್ತಿದ್ದೆ. ಮೊದಲ ರೊಟ್ಟಿ ಹಂಚಿನ ಮೇಲಿತ್ತು. ಹೊರಗೆ ಕಾರು ನಿಲ್ಲಿಸುವ ಜಾಗದಿಂದ ಕುಕ್ಕರ್ ಸೀಟಿಗಿಂತ ಜೋರಾದ ಬುಸ್ ಎಂಬ ಸದ್ದು ಬಂತು, ಅದರ ಹಿಂದೆಯೇ ನನ್ನ ಗಂಡನ ಕೂಗು. ಹಿಟ್ಟಿನ ಕೈಯಲ್ಲೇ ಓಡಿದೆ.

ಬಾನೆಟ್ ತೆರೆದಿತ್ತು. ಬೆಳ್ಳನೆಯ ಮಂಜಿನಂಥದ್ದು ಇನ್ನೂ ಕರಗುತ್ತಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಗಂಡ ಕೇದಾರನಾಥ ಬಲಗೈ ಹಿಡಿದುಕೊಂಡು ನಿಂತಿದ್ದರು. ಹೆಬ್ಬೆರಳು, ತೋರುಬೆರಳು ಮೇಣದಂತೆ ಬಿಳುಚಿಕೊಂಡಿದ್ದವು. ಒಂಬತ್ತು ವರ್ಷದ ಮಗಳು ಮೈತ್ರೇಯಿ ಟಾರ್ಚ್ ಹಿಡಿದು ಗೋಡೆಗೆ ಅಂಟಿಕೊಂಡಿದ್ದಳು. ಅವಳ ಹಣೆಯ ಮೇಲೆ ಸಣ್ಣ ಸಣ್ಣ ಎಣ್ಣೆಯ ಹನಿ. ಕಣ್ಣಿನಿಂದ ಎರಡೇ ಬೆರಳು ಮೇಲೆ.

"ಕಣ್ಣು ಉರೀತಾವೇನವಾ?" ಅಂದೆ. ಇಲ್ಲ ಎಂದು ತಲೆಯಾಡಿಸಿದಳು. ಟಾರ್ಚ್ ಮಾತ್ರ ಬಿಡಲಿಲ್ಲ.

ನಾಗಪುರದ ಮನೆಗಳ ರೂಢಿ ನಿಮಗೆ ಗೊತ್ತೇ ಇದೆ. ಹೋಳಿ ಮುಗಿಯಿತೆಂದರೆ ಗಂಡಸರು ಕೂಲರ್ ಬಿಚ್ಚುತ್ತಾರೆ, ಒಳಗಿನ ಹುಲ್ಲಿನ ಪದರ ಬದಲಿಸುತ್ತಾರೆ, ಪಂಪ್ ತೊಳೆಯುತ್ತಾರೆ. ಮಕ್ಕಳು ಟಾರ್ಚ್ ಹಿಡಿದು ಸ್ಕ್ರೂ ಎತ್ತಿಕೊಡುತ್ತಾರೆ. ನಮ್ಮನೆಯಲ್ಲೂ ಹಾಗೇ. ಅದೇ ಧೈರ್ಯದಲ್ಲಿ ಇವರು ಹದಿನೆಂಟು ವರ್ಷದ ಹಳೆಯ ಕಾರಿನ ಎಸಿಗೂ ನಟ್ ತಿರುಗಿಸುವ ಪಾನಾ ಹಚ್ಚಿದ್ದರು. ಕಂಪ್ರೆಸರ್ ಕೆಟ್ಟಿತ್ತು. ಕಾಮಠಿಯ ದತ್ತು ಹಳೆಯ ಕಂಪ್ರೆಸರ್‌ಗಳನ್ನು ಬಿಚ್ಚಿ ಹೊಸದಾಗಿ ಕಟ್ಟಿಕೊಡುತ್ತಾನೆ. ನೀವೇ ಕಳಚಿ ತನ್ನಿ, ಜಲ್ದಿ ಆಗುತ್ತದೆ ಎಂದು ಅವನು ಫೋನಿನಲ್ಲಿ ಹೇಳಿದ್ದನಂತೆ. ಇವರು ಪೈಪಿನ ನಟ್ ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ಒಳಗಿನ ಎಣ್ಣೆಯ ಸಮೇತ ಗ್ಯಾಸ್ ಹಾರಿತ್ತು. ಎಡಗೈಯಿಂದ ಹೇಗೋ ಮತ್ತೆ ಬಿಗಿ ಮಾಡಿದ್ದರು.

"ಬೆರಳು ಜೋಮು ಹಿಡದಾವು, ಹಂಚಿನ ಮ್ಯಾಲ ಕಾಸ್ಕೋತೀನಿ" ಎಂದು ಇವರು ಅಡುಗೆಮನೆಗೆ ನಡೆದರು. ನಾನು ಕೃಷ್ಣವೇಣಿ ಅಕ್ಕನಿಗೆ ಫೋನ್ ಹಚ್ಚಿ ಎಲ್ಲಾ ಹೇಳಿದೆ. ಅವರು ಐಟಿಐಯಲ್ಲಿ ಫ್ರಿಜ್, ಎಸಿ ಕೆಲಸ ಕಲಿಸುತ್ತಾರೆ. ಬಜಾಜ್ ನಗರದಲ್ಲಿ ಮನೆ.

"ಹಂಚಿನ ಹತ್ರ ಬಿಡಬ್ಯಾಡ. ಬೆರಳಿಗೆ ಬಿಸಿ ಗೊತ್ತಾಗೂದಿಲ್ಲ, ಸುಟ್ಕೋತಾರ. ತಿಕ್ಕಬ್ಯಾಡ. ಉಗುರುಬೆಚ್ಚಗಿನ ನೀರಾಗ ಕೈ ಇಡಿಸು. ಹುಡುಗಿ ಕಣ್ಣಿಗೆ ಸ್ವಚ್ಛ ನೀರು ಹಾಕ್ಕೋತ ಇರು. ಡಾಕ್ಟರ್ ಹತ್ರ ಹೋಗೂಣು, ನಾ ಬಂದೆ" ಅಂದರು.

ಕಣ್ಣಿನ ಡಾಕ್ಟರು ಮೈತ್ರೇಯಿಯನ್ನು ನೋಡಿ, ಏನೂ ಆಗಿಲ್ಲ, ದೈವ ದೊಡ್ಡದು ಎಂದರು. ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ನನ್ನ ಮಗುವಿನ ಕಣ್ಣು ದೈವದ ಮೇಲೆ ಯಾಕೆ ನಿಲ್ಲಬೇಕು?

ಮನೆಗೆ ಬಂದರೆ ಇವರು ಪಟ್ಟಿ ಕಟ್ಟಿದ ಕೈಯಲ್ಲೇ ಕಾರಿನ ಕಡೆ ನೋಡಿ, "ಇನ್ನೇನು, ಎಲ್ಲಾ ಹೋಗಿರತೈತಿ. ಸಂಜೀಕ ಉಳಿದದ್ದು ಬಿಚ್ಚಿಬಿಡ್ತೀನಿ" ಅಂದರು.

"ಬಿಚ್ರಿ ನೋಡೂಣು" ಅಂದೆ. ಹದಿಮೂರು ವರ್ಷದ ಸಂಸಾರದಲ್ಲಿ ನನ್ನ ದನಿ ಅಷ್ಟು ಏರಿದ್ದು ಅದೇ ಮೊದಲು. "ಇನ್ನೊಂದು ಬೆರಳು ಬೇಕಾದ್ರ ನಿಮ್ದು ಹೋಗಲಿ. ಹುಡುಗೀನ ಮತ್ತ ಅಲ್ಲಿ ನಿಲ್ಲಿಸಿದ್ರ ಪಾನಾ ಬಾವ್ಯಾಗ ಒಗೀತೀನಿ."

"ತಂಪೇ ಬರ್ತಿರಲಿಲ್ಲ ಅಕ್ಕಾರ" ಎಂದು ಇವರು ಕೃಷ್ಣವೇಣಿ ಅಕ್ಕನ ಕಡೆ ತಿರುಗಿದರು. "ಗ್ಯಾಸ್ ಖಾಲಿ ಆಗೇತಿ ಅನಕೊಂಡೆ."

"ನಿಮ್ಮ ಬ್ಯಾಂಕಿನ್ಯಾಗ ಲಾಕರ್ ತೆಗೀದೇ ಖಾಲಿ ಐತಿ ಅಂತ ಬರಕೊಡ್ತೀರೇನು?" ಅಕ್ಕ ಕೇಳಿದರು. "ಕಂಪ್ರೆಸರ್ ತಿರುಗಲಿಲ್ಲಂದ್ರೂ ತಂಪು ಬರೂದಿಲ್ಲ. ಗ್ಯಾಸ್ ಅಲ್ಲೇ ಕುಂತಿರತೈತಿ. ಈ ಬಿಸಿಲಿಗೆ ಟೈರಿನ ಗಾಳಿಗಿಂತ ಮೂರು ಪಟ್ಟು ಜೋರು. ಹೊರಗ ಬಂದ ಕೂಡಲೆ ಬರ್ಫಕ್ಕಿಂತ ತಂಪಾಗತೈತಿ. ಬೆರಳಿಗೆ ಬಿತ್ತು, ಮಾಯತೈತಿ. ಕಣ್ಣಿಗೆ ಬಿದ್ದಿದ್ರ?"

ಇವರು ಪಟ್ಟಿ ಕಟ್ಟಿದ ಕೈ ನೋಡಿಕೊಂಡು ಕೇಳಿದರು:

"ಹಂಗಾರ ಬಿಚ್ಚೋದಾದ್ರೂ ಹೆಂಗ್ರಿ?"

"ಮೊದಲು ಗ್ಯಾಸ್ ಎಳೆಯೋ ಮಷೀನ್ ಇರೋ ವರ್ಕ್‌ಶಾಪಿಗೆ ಒಯ್ಯಿರಿ. ಎಸಿ ಹಚ್ಚಬ್ಯಾಡ್ರಿ. ಅವರು ಗ್ಯಾಸ್ ಸಿಲಿಂಡರಿಗೆ ತುಂಬಕೋತಾರ, ಗಾಳ್ಯಾಗ ಬಿಡಂಗಿಲ್ಲ. ಮೀಟರ್ ಮುಳ್ಳು ಸೊನ್ನಿಗೆ ಬಂದು ಅಲ್ಲೇ ನಿಂತದ್ದು ನಿಮ್ಮ ಕಣ್ಣಿಲೆ ನೋಡ್ರಿ. ಆಮ್ಯಾಲೂ ಕನ್ನಡಕ, ಕೈಗವಸು ಬೇಕು. ಬ್ಯಾಟರಿ ವೈರ್ ತಗೀರಿ. ಬಿಚ್ಚಿದ ಪೈಪಿನ ಬಾಯಿ ಕೂಡಲೆ ಮುಚ್ಚರಿ, ಹಸಿ ಗಾಳಿ ಹೊಕ್ರ ಕಟ್ಟಿದ ಕಂಪ್ರೆಸರ್ ಮತ್ತ ಕೆಡತೈತಿ. ಬಾಗಿಲು ಹಾಕ್ಕೊಂಡು ಮಾಡಬ್ಯಾಡ್ರಿ, ಬೆಂಕಿ ಹತ್ರ ತರಬ್ಯಾಡ್ರಿ."

ನಾನು ದತ್ತುವಿಗೂ ಫೋನ್ ಮಾಡಿದೆ. ಎಲ್ಲರೂ ಹೀಗೇ ಬಿಚ್ಚುತ್ತಾರೆ ಭಾಭಿ ಎಂದು ನಕ್ಕ. ನಾನು ನಗಲಿಲ್ಲ. ನಿನ್ನ ಮಕ್ಕಳ ಕೈಯಲ್ಲಿ ಟಾರ್ಚ್ ಕೊಟ್ಟು ಬಿಚ್ಚುತ್ತೀಯಾ ಎಂದು ಕೇಳಿದೆ. ಇಲ್ಲ ಭಾಭಿ ಎಂದ.

ಮರುವಾರ ವರ್ಕ್‌ಶಾಪಿನಲ್ಲಿ ಮಷೀನ್ ಹಚ್ಚಿದಾಗ ನಾನೂ ಇದ್ದೆ. ಮುಳ್ಳು ಮೇಲೇರಿ ನಿಂತಿತು. ಖಾಲಿ ಅಂದುಕೊಂಡ ಪೈಪಿನೊಳಗೆ ಮುಕ್ಕಾಲು ಪಾಲು ಗ್ಯಾಸ್ ಇನ್ನೂ ಇತ್ತು. ಇವರು ಬಗ್ಗಿ ಆ ಮುಳ್ಳನ್ನು ನೋಡಿದರು. "ಸಂಜೀಕ ಬಿಚ್ಚಿದ್ದರ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ಓದುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಯ ಮುಂದೆಯೂ ಹಳೆಯ ಕಾರು ಇದ್ದೀತು. ನಿಮ್ಮ ಮನೆಯವರೂ ಕೈ ಚುರುಕಿರುವವರೇ ಇದ್ದಾರು. ಕೂಲರಿನಲ್ಲಿ ಇರುವುದು ನೀರು, ಎಸಿಯಲ್ಲಿ ಇರುವುದು ಒತ್ತಿ ಹಿಡಿದ ಗ್ಯಾಸ್. ಅದನ್ನು ಮಷೀನಿನಿಂದ ತೆಗೆಸುವವರೆಗೆ ಒಂದು ನಟ್ಟಿಗೂ ಪಾನಾ ಹಚ್ಚಲು ಬಿಡಬೇಡಿ. ಮಕ್ಕಳನ್ನು ಅಲ್ಲಿ ನಿಲ್ಲಿಸಬೇಡಿ. ಸಿಟ್ಟು ಬಂದರೆ ನುಂಗಿಕೊಳ್ಳಬೇಡಿ, ಅದು ಬರಬೇಕಾದ ಸಿಟ್ಟು. ಮನೆಯಲ್ಲಿ ಕನ್ನಡ ಓದಲು ಬಾರದವರಿಗೆ ಇದನ್ನು ಓದಿ ಹೇಳಿ.

ವರ್ಕ್‌ಶಾಪಿನಿಂದ ಬಂದ ಮೇಲೆ ಇವರು ಕನ್ನಡಕ, ಕೈಗವಸು ಹಾಕಿಕೊಂಡು ಕಂಪ್ರೆಸರ್ ಕಳಚಲು ನಿಂತರು. ಅಕ್ಕ ಪಕ್ಕದಲ್ಲಿದ್ದರು. ಮೈತ್ರೇಯಿಯನ್ನು ನಾನು ಹೊಸ್ತಿಲೊಳಗೆ ನಿಲ್ಲಿಸಿಕೊಂಡಿದ್ದೆ. ಎಂಟು ದಿನದಿಂದ ಅವಳು ಅಪ್ಪನ ಹತ್ತಿರ ಸರಿಯಾಗಿ ಮಾತಾಡಿರಲಿಲ್ಲ. ಹೆದರಿಕೆ ಇರಬೇಕು ಅಂದುಕೊಂಡಿದ್ದೆ. ಇವರು ಪಾನಾ ಎತ್ತಿಕೊಂಡು ಅವಳನ್ನು ನೋಡಿ ನಕ್ಕರು. ಅವಳು ನಗಲಿಲ್ಲ. ನನ್ನ ಕೈ ಬಿಡಿಸಿಕೊಂಡು ಕೇಳಿದಳು:

"ಪಪ್ಪಾ, ಅವತ್ತು ನಟ್ ತಿರುಗಿಸುವಾಗ ನೀ ನಿನ್ನ ಮಾರಿ ಆ ಕಡೆ ಮಾಡ್ಕೊಂಡಿದ್ದಿ. ನನಗ ಯಾಕ ಹೇಳಲಿಲ್ಲ?"