ಎರಡನೆಯ ಒಲೆ

ಗೋಡೆಯಾಚೆ ರಾಚಮ್ಮನ ಮನೆಯಲ್ಲಿ ಹೊಗೆ ಎರಡು ಕಡೆಯಿಂದ ಏಳುತ್ತಿರುವುದನ್ನು ಸರೋಜಾ ಬಟ್ಟೆ ಹಿಂಡುತ್ತಲೇ ಗಮನಿಸಿದಳು. ಒಂದು ಅಡುಗೆಮನೆಯ ಹೆಂಚಿನ ಸಂದಿಯಿಂದ, ದಿನವೂ ಬರುವಂಥದ್ದು. ಇನ್ನೊಂದು ಹಿತ್ತಿಲ ನುಗ್ಗೆಮರದ ಬುಡದಲ್ಲಿ ಮೂರು ಕಲ್ಲು ಹೂಡಿ ಹಚ್ಚಿದ ಒಲೆಯಿಂದ. ಎರಡು ಒಲೆ ಎಂದರೆ ನೆಂಟರು ಬಂದಿರಬೇಕು. ನೆಂಟರೆಂದರೆ, ತಾನು ಇವತ್ತು ಹೇಳಬೇಕಾದ ಮಾತಿಗೆ ಅಷ್ಟು ಕಿವಿಗಳು ಹೆಚ್ಚು. ಹಿಂಡಿ ಮುಗಿದಿದ್ದ ಸೀರೆಯನ್ನೇ ಅವಳು ಮತ್ತೆ ಹಿಂಡಿದಳು.

ಅಂದು ಕಾರ್ತೀಕದ ಕಡೆಯ ಸೋಮವಾರ. ಗೆಟ್ಟವಾಡಿಯ ಆ ಬೀದಿಯಲ್ಲಿ ಒಂದು ಮನೆ ಬಿಟ್ಟು ಎಲ್ಲ ಮನೆಗಳಲ್ಲೂ ಮಾದಪ್ಪನಿಗೆ ಎಡೆ. ಹೆಂಗಸರು ಬೆಳಗಿನಿಂದ ಬಾಯಿಗೆ ನೀರೂ ಹಾಕದೆ, ಮಿಂದ ಒದ್ದೆ ಕೂದಲಲ್ಲೇ ಅಡುಗೆಗೆ ಕೂರುತ್ತಾರೆ. ಬಾಳೆ ಎಲೆಯಲ್ಲಿ ಎಡೆ ಬಡಿಸಿ, ಧೂಪ ಹಾಕಿ, ಗಂಡಸರು ‘ಉಘೇ’ ಎಂದು ಕೂಗುವವರೆಗೆ ಒಂದು ಅಗುಳೂ ಯಾರ ಬಾಯಿಗೂ ಹೋಗುವಂತಿಲ್ಲ. ಆಮೇಲೆ ನೆರೆಮನೆಗಳಿಗೆ ಬಟ್ಟಲು ಹೊರಡುತ್ತವೆ. ಎಡೆ ಇಲ್ಲದ ಆ ಒಂದು ಮನೆ ಸರೋಜಾಳದು.

ಅವಳು ಕ್ರೈಸ್ತರ ಸಭೆ ಸೇರಿ ಮೂರು ವರ್ಷವಾಗಿತ್ತು. ಹೆತ್ತ ಕೂಸು ಆಸ್ಪತ್ರೆಯಲ್ಲೇ ತೀರಿಹೋದಾಗ ಒಬ್ಬ ನರ್ಸ್, ಕೆಲಸದ ಹೊತ್ತು ಮುಗಿದ ಮೇಲೂ ಮನೆಗೆ ಹೋಗದೆ ಅವಳ ಮಂಚದ ಪಕ್ಕ ಕುಳಿತಿದ್ದಳು. ಯಾವ ದೇವರ ಮಾತನ್ನೂ ಎತ್ತಿರಲಿಲ್ಲ. ನೀವು ಯಾರಿಗೆ ಕೈ ಮುಗಿಯುತ್ತೀರಿ ಎಂದು ಸರೋಜಾಳೇ ಕೇಳಿದ್ದಳು. ಊರಿಗೆ ಮರಳಿದ ಮೇಲೆ, ಕುಡಿಯಲು ಕೂಸಿಲ್ಲದೆ ಹಾಲು ಕಟ್ಟಿ ಜ್ವರ ಬಂದಾಗ, ಹಳೇ ಸೀರೆ ಹರಿದು ಅವಳ ಎದೆಗೆ ಬಿಗಿಯಾಗಿ ಕಟ್ಟಿ, ಪಕ್ಕದಲ್ಲೇ ಮಲಗಿದವಳು ರಾಚಮ್ಮ. ಇಂಥ ರಾಚಮ್ಮ ಎಡೆಯ ಬಟ್ಟಲು ಹಿಡಿದು ಬಂದರೆ ಬೇಡ ಎನ್ನುವುದು ಹೇಗೆ? ಪ್ರತಿ ಕಾರ್ತೀಕದಲ್ಲೂ ಸರೋಜಾ ಎರಡೂ ಕೈ ನೀಡಿ ಈಸಿಕೊಂಡಳು. ರಾಚಮ್ಮ ಹೋದ ಮೇಲೆ ಕೋಳಿಗಳಿಗೆ ಸುರಿದಳು. ಮರುದಿನ ಬಟ್ಟಲು ತೊಳೆದು ಕೊಡುವಾಗ, ಕಜ್ಜಾಯ ಬಲು ಮೆತ್ತಗಿತ್ತು ಎಂದಳು. ಹಾಗೆ ಹೊಗಳಿದ್ದೇ ಅವಳನ್ನು ಹೆಚ್ಚು ಕೊರೆಯುತ್ತಿತ್ತು.

ಹಿಂದಿನ ದಿನ, ಭಾನುವಾರ, ತಾಳವಾಡಿಯಿಂದ ಬೈಕಿನಲ್ಲಿ ಬರುವ ಪಾಸ್ಟರು ಆರಾಧನೆ ಮುಗಿಸಿ ಹೇಳಿದ್ದರು: “ಸುವಾರ್ತೆನ ನಿಮ್ ಬಾಯಲ್ಲೇ ಇಟ್ಕೊಂಡ್ರೆ ಹೆಂಗಮ್ಮಾ? ಪಕ್ಕದ್ ಮನೆಯವ್ರಿಗಾದ್ರೂ ಹೇಳಿ. ಮುಂದಿನ ವಾರ ಬಂದು, ಹೇಳಿದ್ದು ಹೆಂಗಾಯ್ತು ಅಂತ ಎಲ್ಲರ ಮುಂದೆ ಸಾಕ್ಷಿ ಕೊಡಿ.”

ಪಕ್ಕದ ಮನೆ ಎಂದರೆ ರಾಚಮ್ಮನದೇ. ಸುಳ್ಳು ಹೇಳಿದ ಬಾಯಲ್ಲಿ ಅವಳಿಗೆ ಏನು ಹೇಳುವುದು? ಮೊದಲು ಆ ಸುಳ್ಳು ಹೋಗಬೇಕು. ರಾತ್ರಿ ಗಂಡ ರಾಮುವಿಗೆ ಹಾಗೆಂದಾಗ ಅವನು ಮಗ್ಗುಲು ಬದಲಿಸಿದ್ದ.

“ಈಸ್ಕಂಡು ಸುಮ್ಕಿರಮ್ಮಿ. ನಾವು ಬುಟ್ರೂ ನಮ್ ಕೋಳಿಗಳು ಇನ್ನೂ ಮಾದಪ್ಪನ ಒಕ್ಲೇ. ಅವು ತಿಂತವ.”

ಅವಳಿಗೆ ನಗು ಬರಲಿಲ್ಲ. ತಾಳಮಲೆ ಕಡೆಯ ಒಂದು ಮನೆಯವರು ಹೀಗೇ ಬಟ್ಟಲು ಬೇಡವೆಂದ ಮೇಲೆ ನೆರೆಯವರು ಮಾತು ಬಿಟ್ಟ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಬೇರೆ ಯಾರು ಬಿಟ್ಟರೂ ಬಿಡಲಿ, ರಾಚಮ್ಮ ಬಿಟ್ಟರೆ? ಬೆಳಿಗ್ಗೆ ರಾಮು ಎಲೆಕೋಸು ಲೋಡು ಮಾಡಲು ಹೋದ ಮೇಲೆ ಅವಳು ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಹಲವು ಬಾರಿ ಜೋಡಿಸಿದಳು. ಒಮ್ಮೆ ತೀರಾ ಒರಟಾಯಿತು. ಒಮ್ಮೆ ತೀರಾ ಉದ್ದವಾಯಿತು. ‘ಉಘೇ’ ಕೇಳಿಸುವವರೆಗೆ ಹೊತ್ತಿದೆಯಲ್ಲ ಎಂದುಕೊಂಡು ಒದ್ದೆ ಬಟ್ಟೆಗಳನ್ನು ಹರವಿದಳು.

ಆದರೆ ಕೂಗು ಕೇಳಿಸುವ ಮೊದಲೇ ರಾಚಮ್ಮ ಹಿತ್ತಿಲ ಬಾಗಿಲಲ್ಲಿ ಬಂದು ನಿಂತಳು. ಸೆರಗಿನ ತುದಿಯಲ್ಲಿ ಹಿಡಿದ ಬಟ್ಟಲಿನಿಂದ ಹಬೆ ಏಳುತ್ತಿತ್ತು.

“ಏನಮ್ಮಿ, ಬಾಕ್ಲಿಗೆ ಅಡ್ಡ ನಿಂತ್ಬುಟ್ಟೆ? ದಾರಿ ಬುಡು, ಕೈ ಸುಡ್ತಾ ಅದ.”

ಸರೋಜಾ ದಾರಿ ಬಿಡಲಿಲ್ಲ. ಜೋಡಿಸಿಟ್ಟ ವಾಕ್ಯ ನೆನಪಿಗೆ ಬರಲಿಲ್ಲ.

“ಅಕ್ಕ, ನಾ ಇದ ಈಸ್ಕಳಕ್ಕಾಗಲ್ಲ. ಎಡೆ ಇಟ್ಟುದ್ದ ನಾವು ತಿನ್ನಲ್ಲ. ಇಷ್ಟ್ ವರ್ಸನೂ ತಿಂದಿಲ್ಲ. ಚೆಂದಾಗಿತ್ತು ಅಂತ ಯೋಳಿದ್ದೆಲ್ಲ ಸುಳ್ಳು.”

ರಾಚಮ್ಮ ಬಗ್ಗಿ ಬಟ್ಟಲನ್ನು ಒರಳಿನ ಮೇಲೆ ಇಟ್ಟಳು. ಬಿಸಿಗೆ ಕೆಂಪಾದ ಬೆರಳುಗಳನ್ನು ಊದಿಕೊಂಡಳು. ಸರೋಜಾ ಆ ಮುಖವನ್ನು ನೋಡಲಾರದೆ ಪಾದಗಳನ್ನು ನೋಡಿದಳು. ಅವು ಹಿಂದಕ್ಕೆ ತಿರುಗಲಿಲ್ಲ.

“ಆಯ್ತಾ ಯೋಳಿ?”

“ಊಂ.”

“ಇಷ್ಟ ಯೋಳಕ್ಕೆ ಮೂರ್ ವರ್ಸ ಬೇಕಾಯ್ತಾ ನಿಂಗೆ?” ರಾಚಮ್ಮ ಹೊಸ್ತಿಲ ಮೇಲೇ ಕುಳಿತಳು. “ನಂಗೊತ್ತು ಕಣಮ್ಮಿ. ಓದ್ ವರ್ಸ, ಬಟ್ಲು ಕೊಟ್ಟೋದೋಳು ನೀರಿನ್ ಕೊಡ ಕೇಳಕ್ಕೆ ನಾನು ತಿರ್ಗ ಬಂದಿ. ನಿನ್ ಕೋಳಿಗಳು ನನ್ ಕಜ್ಜಾಯಕ್ಕೆ ಕಿತ್ತಾಡ್ತಾ ಇದ್ದೊ. ಉಪಾಸ ಇದ್ದು ಮಾಡಿದ್ದು ಕಣೆ ಅದು. ಒಟ್ಟೆ ಉರ್ದೋಯ್ತು. ನಿನ್ ಮೊಕ ನೋಡ್ಬಾರ್ದು ಅಂತ ಸೊಂಟನೋವು ಅಂದ್ಕಂಡು ಒಂದ್ ವಾರ ಮನಿಕಂಡಿದ್ದಿ.”

ಸರೋಜಾ ತಲೆಯೆತ್ತಿದಳು. “ಆಗ ನಾ ಬಂದು ದಿನಾ ಎಣ್ಣೆ ತಿಕ್ಕುದ್ನಲ್ಲಕ್ಕ!”

“ಅದೇ ಮತ್ತ! ನೋವೇ ಇಲ್ದಿರೊ ಸೊಂಟ ತಿಕ್ಕುಸ್ಕಂಡು ಬಿದ್ದಿದ್ದಿ. ನೀನೊಬ್ಳೇ ಸುಳ್ಳಿ ಅನ್ಕಬೇಡ. ನಿಂಗಿಂತ ದೊಡ್ ಸುಳ್ಳಿ ನಾನು. ತಿಕ್ಕುವಾಗ ಕಣ್ ಮುಚ್ಕಂಡು ತುಟಿ ಆಡುಸ್ತಿದ್ದಲ್ಲ, ಏನಮ್ಮಿ ಯೋಳ್ಕತಿದ್ದೆ?”

“ಪ್ರಾರ್ಥನೆ. ನಿನ್ ಸೊಂಟ ವಾಸಿಯಾಗ್ಲಿ ಅಂತ.”

“ಇಲ್ದಿರೊ ನೋವ್ಗಾ?”

ರಾಚಮ್ಮನಿಗೆ ನಗು ತಡೆಯಲಾಗಲಿಲ್ಲ. ಉಪವಾಸದ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸರೋಜಾಳಿಗೆ ಮೊದಲು ಕಣ್ಣಲ್ಲಿ ನೀರು ಬಂತು, ಆಮೇಲೆ ನಗು. ಅವಳೂ ಹೊಸ್ತಿಲ ಇತ್ತ ಕಡೆ ಕುಳಿತಳು.

“ಸರಿ, ಈಗ ಉಣ್ಣು,” ಎಂದು ರಾಚಮ್ಮ ಬಟ್ಟಲನ್ನು ಅವಳ ಕಡೆಗೆ ಎಳೆದಳು.

“ಅಕ್ಕ, ಈಗ್ತಾನೆ ಯೋಳ್ದೆ...”

“ಉಘೇ ಅಂದಿದ್ದು ಕೇಳ್ತಾ ನಿಂಗೆ?”

ಕೇಳಿಸಿರಲಿಲ್ಲ. ಸರೋಜಾ ಬಟ್ಟಲಿನತ್ತ ನೋಡಿದಳು. ಬಿಸಿ ಅನ್ನ, ಅವರೆಕಾಳಿನ ಸಾರು, ಬದಿಯಲ್ಲಿ ಎರಡು ಕಜ್ಜಾಯ. ಎಡೆಗೆ ಮೊದಲೇ ಪಾತ್ರೆಯಿಂದ ತೆಗೆಯುವಂತಿಲ್ಲ. ತೆಗೆದರೆ ಮೀಸಲು ಕೆಟ್ಟಂತೆ. ಅವಳಿಗೆ ಇನ್ನೊಂದು ಬಗೆಯ ಭಯವಾಯಿತು.

“ಮೀಸಲು ಮುರಿದ್ಬುಟ್ಯಾ ಅಕ್ಕ?”

“ಮುರಿದಾರಾ? ಇದು ಬ್ಯಾರೆ ಒಲೆ, ಬ್ಯಾರೆ ಮಡಕೆ. ನುಗ್ಗೆಮರದ್ ಕೆಳಗೆ ಬೇಯ್ಸಿದ್ದು. ಇದು ಮಾದಪ್ಪಂಗೂ ಸೋಕಿಲ್ಲ, ಮಾದಪ್ಪಂದು ಇದ್ಕೂ ಸೋಕಿಲ್ಲ. ನಿಮ್ ಬಾವ ಒಂದೇ ಸಮ್ನೆ ಒಟಗುಟ್ತು, ‘ಒಂದ್ ಮನೆಗೆ ಎರಡ್ ಒಲೆ ಯಾಕಮ್ಮಿ’ ಅಂತ. ‘ಕೋಳಿಗೆ ಆಕಕ್ಕೆ ನಾನು ಉಪಾಸ ಇರಕಿಲ್ಲ’ ಅಂದಿ.”

ಸರೋಜಾಳ ನೋಟ ರಾಚಮ್ಮನ ಹಣೆಯ ಮೇಲಿನ ಮಸಿಯ ಮೇಲೆ, ಸುಟ್ಟ ಬೆರಳುಗಳ ಮೇಲೆ ಹೋಯಿತು. ನೆಂಟರು ಯಾರೂ ಬಂದಿರಲಿಲ್ಲ.

“ನಾನು ನಿಮ್ ಸಬೆಗೆಲ್ಲ ಬರಕಿಲ್ಲ, ಈಗ್ಲೇ ಯೋಳ್ಬುಡ್ತಿನಿ,” ಎಂದಳು ರಾಚಮ್ಮ.

“ಬಾ ಅಂತ ನಾ ಎಲ್ಲಿ ಕರ್ದಿ?”

“ಅದೂ ಒಂದ್ ಸಿಟ್ಟು ನಂಗೆ. ಮೂರ್ ವರ್ಸದಿಂದ ಅಲ್ಗೋಯ್ತಿಯ, ಏನ್ ನಡೀತದ ಅಂತ ಒಂದಿನ ಯೋಳ್ನಿಲ್ಲ. ನಾನೇನ್ ಕಿತ್ಕತಿದ್ನಾ ನಿನ್ ಸಾಮಿಯ?” ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಎಡೆಯ ಮುಂದೆ ಎಳೆದುಕೊಳ್ಳುವ ಹಾಗೆಯೇ. “ಉಣ್ಣಕ್ ಮುಂಚೆ ಏನೋ ಅಂದ್ಕತಿಯಲ್ಲ. ಇವತ್ತು ನಂಗೂ ಕೇಳಂಗೆ ಅನ್ನು.”

ಸರೋಜಾ ಕಣ್ಣು ಮುಚ್ಚಿದಳು. ಸಭೆಯಲ್ಲಿ ಕಲಿತ ಮಾತುಗಳಿಂದಲೇ ಶುರು ಮಾಡಿದಳು: “ಕರ್ತನೇ, ಈ ಆಹಾರಕ್ಕಾಗಿ ನಿನಗೆ ಸ್ತೋತ್ರ...” ಅಲ್ಲಿಗೆ ಅದು ನಿಂತುಹೋಯಿತು. ಮುಂದಿನದು ತನ್ನ ಮನೆಯ ಮಾತಿನಲ್ಲೇ ಬಂತು. “ಸಾಮಿ, ರಾಚಕ್ಕ ಬೆಳಗಿಂದ ಏನೂ ತಿಂದಿಲ್ಲ. ನಂಗೋಸ್ಕರ ಒಗೇಲಿ ಕುಂತವ್ಳೆ. ಅವ್ಳ ಕೈ ಸುಟ್ಟದ, ತಂಪು ಮಾಡು. ಅವ್ಳ ಮನೆ ಕಾಯಿ, ನಮ್ ಬಾವುನ ಕಾಯಿ...”

“ಏಯ್ ರಾಚೀ!” ಗೋಡೆಯಾಚೆಯಿಂದ ರಾಚಮ್ಮನ ಗಂಡ ಬೊಮ್ಮಯ್ಯ ಕೂಗಿದ. “ಎಡೆ ಆರೋಯ್ತಾ ಅದ, ಬಿರ್ನೆ ಬಾ!”

ಸರೋಜಾ ಬೆಚ್ಚಿ ಒಂದು ಕಣ್ಣು ತೆರೆದಳು. ಎದುರಿಗೆ ರಾಚಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇದ್ದಳು. ಕೈಯನ್ನು ಮಾತ್ರ ಗೋಡೆಯ ಕಡೆಗೆ ಎತ್ತಿದಳು.

“ತಡಿ ಕಣಯ್ಯಾ, ಇನ್ನೂ ಮುಗ್ದಿಲ್ಲ.”

ಮೋಟುಗೋಡೆಯ ಮೇಲೆ ಬೊಮ್ಮಯ್ಯನ ತಲೆ ಕಾಣಿಸಿತು. ಅವನು ಇಬ್ಬರನ್ನೂ ನೋಡಿದ. ಮತ್ತೇನನ್ನೋ ಕೂಗಲು ತೆರೆದ ಬಾಯನ್ನು ಮುಚ್ಚಿದ. ಹೆಗಲ ಮೇಲಿನ ಟವಲನ್ನು ಮೆಲ್ಲಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಅಲ್ಲೇ ನಿಂತ.