ಎಲ್ಡರ್‌ಕೋಟಿನ ಕೊಳ ಬತ್ತಿಸಿದ ದಿನ

ಕೆಸರಿನ ವಾಸನೆ ಇಲ್ಲೀತನಕ ಬಂತಲ್ಲ, ಎಲ್ಡರ್‌ಕೋಟ್ ಮಹಲಿನ ಬಟ್ಟೆಕೋಣೆಯ ಲ್ಯಾವೆಂಡರ್ ಘಮವನ್ನೂ ಸೀಳಿಕೊಂಡು ಬಂತಲ್ಲ ಎಂದುಕೊಳ್ಳುತ್ತಲೇ ಡಾರ್ಕಸ್ ಕಿಟಕಿ ಮುಚ್ಚಿದಳು — ಕೊಳದ ತೂಬು ಕೆಟ್ಟು ಮೂರು ದಿನದಿಂದ ನೀರು ಹೊರಗೆ ಬಿಡುತ್ತಿದ್ದಾರೆ, ಕೆಲಸದವರಿಗೆ ಬ್ರೆಡ್ಡು ಚೀಸು ಕಳಿಸಬೇಕು, ಮನೆವಾರ್ತೆಯವಳಿಗೆ ಕೆಲಸ ಒಂದೇ ಎರಡೇ, ಮದುವೆ ಇಲ್ಲ ಮಕ್ಕಳಿಲ್ಲ, ಆದರೂ ಎಲ್ಲರ ಬಾಯಲ್ಲೂ ಅಮ್ಮಾವ್ರು — ಅಮ್ಮಾವ್ರೇ, ಎಂದ ಮಾಲಿ ಹಾಬ್ ಬಾಗಿಲಲ್ಲಿ ನಿಂತು, ಟೋಪಿ ಹಿಂಡುತ್ತ, ಕೊಳದಲ್ಲಿ ಯಾವನೋ ಇದ್ದಾನೆ. ಇದ್ದಾನೆ ಅಂದ್ರೇನೋ? ಮೂಳೆ ಅಮ್ಮಾವ್ರೇ, ಬೂಟಿದೆ, ಒಂದು ತೊಗಲುಚೀಲ ಇದೆ. ಚೀಲ ಅಂದದ್ದಷ್ಟೇ ಕೇಳಿಸಿತು, ಕಾಲು ಆಗಲೇ ಮೆಟ್ಟಿಲಿಳಿಯುತ್ತಿತ್ತು, ಅಂಥ ಚೀಲ ಹೆಗಲಿಗೆ ಹಾಕಿಕೊಂಡು ಸೋಮವಾರ ಸೋಮವಾರ ಬರುತ್ತಿದ್ದವನು ಒಬ್ಬನೇ, ಗಡಿಯಾರದ ಸೈಲಸ್, ಮಹಲಿನ ಹನ್ನೊಂದು ಗಡಿಯಾರಕ್ಕೆ ಕೀಲಿ ಕೊಟ್ಟು ಕೊನೆಗೆ ಅಡುಗೆಮನೆಗೆ ಬಂದು, ಇದೊಂದು ಗಡಿಯಾರ ಮಾತ್ರ ನನ್ನ ಕೈಗೆ ಸಿಗೋದಿಲ್ಲ ಎಂದು ಅವಳ ಮುಖ ನೋಡುತ್ತಿದ್ದವನು, ಇಪ್ಪತ್ತೆರಡು ಚಳಿಗಾಲದ ಹಿಂದೆ, ನಾಳೆ ಬೆಳಿಗ್ಗೆ ಏಳಕ್ಕೆ ಮೂಡಣ ಗೇಟಿಗೆ ಬಾ, ಬ್ರಿಸ್ಟಲ್ಲಿಗೆ ಹೋಗಿಬಿಡೋಣ, ಮದುವೆ ಮಾಡಿಸೋಕೆ ಅಲ್ಲಿನ ಪಾದ್ರಿ ಒಪ್ಪಿದ್ದಾರೆ ಎಂದಿದ್ದ, ಗಡಿಯಾರದವನೇ ತಡ ಮಾಡಿದ್ರೆ ಊರು ನಗುತ್ತೆ ಕಣೋ ಎಂದು ಇವಳು ಚುಡಾಯಿಸಿದ್ದಳು, ಒಂಬತ್ತರವರೆಗೆ ಹಿಮದಲ್ಲಿ ನಿಂತಳು, ಅವನು ಬರಲಿಲ್ಲ.

ಬರಲಿಲ್ಲ, ಬರಲಿಲ್ಲ — ಮಂಡಿಯುದ್ದದ ಕೆಸರಿಗೆ ಅಮ್ಮಾವ್ರು ಇಳಿದದ್ದನ್ನು ಆಳುಗಳು ಬಾಯಿಬಿಟ್ಟು ನೋಡುತ್ತಿದ್ದಾರೆ, ನೋಡಲಿ, ಕೈಯಿಂದಲೇ ಬಗೆದಳು, ಚೀಲದೊಳಗೆ ಕೊಳೆತ ಉಣ್ಣೆಬಟ್ಟೆ, ಅದರೊಳಗೆ ದೊಡ್ಡ ಯಜಮಾನರ ಚಿನ್ನದ ಗಡಿಯಾರ, ರಿಪೇರಿಗೆ ಕೊಟ್ಟದ್ದು, ಅವತ್ತೇ ಹಿಂದಿರುಗಿಸಬೇಕಾಗಿದ್ದದ್ದು, ಕದ್ದು ಓಡಿದ ಎಂದು ಊರೆಲ್ಲ ಅಂದದ್ದು. ಊರು ಅಂದಿತೇ? ಮೊದಲು ಅಂದವರು ಯಾರು? ಅವತ್ತು ಯಜಮಾನರು ಕರೆದು, ಅವನ ಸಲಿಗೆ ನಿನಗೇ ಹೆಚ್ಚಲ್ಲವೇ, ಎಲ್ಲಿ ಹೋದ ಎಂದರು, ನೆನೆದ ಬೂಟಿನೊಳಗೆ ಕಾಲು ಜೋಮು ಹಿಡಿದಿತ್ತು, ಬಾರದವನ ಮೇಲೆ ಸಿಟ್ಟು, ಜೊತೆಗೆ ಕೆಲಸ ಹೋದೀತೆಂಬ ಭಯ, ಬ್ರಿಸ್ಟಲ್ಲಿಗೆ ಓಡಿಹೋದ, ದೊರೆ, ನಿನ್ನೆಯೇ ಹೇಳ್ತಿದ್ದ ಎಂದುಬಿಟ್ಟಳು — ಅರ್ಧ ನಿಜ, ನನ್ನನ್ನೂ ಕರೆದ ಎನ್ನುವ ಇನ್ನರ್ಧವನ್ನು ಬಚ್ಚಿಟ್ಟಳು, ಆ ವಾರವೇ ಸೈಲಸ್‌ನ ತಾಯಿ ಕೆಜಿಯಾಳನ್ನು ಮನೆ ಬಿಡಿಸಿದರು, ಕಳ್ಳನ ತಾಯಿ ಎಂದು. ಅವನೋ ತಡವಾಯಿತೆಂದು ಹಳ್ಳಿಯಿಂದ ಹೆಪ್ಪುಗಟ್ಟಿದ ಕೊಳದ ಮೇಲೇ ಅಡ್ಡಹಾದಿ ಹಿಡಿದಿದ್ದಾನೆ, ಮಂಜುಗಡ್ಡೆ ಒಡೆದಿದೆ, ಮಧ್ಯಾಹ್ನದ ಹೊತ್ತಿಗೆ ಹೊಸ ಹಿಮ ಬಿದ್ದು ಒಡೆದ ಜಾಗವೂ ಮುಚ್ಚಿ ಎಲ್ಲ ಬೆಳ್ಳಗಾಗಿದೆ, ತಡ ಮಾಡಿದ್ರೆ ಊರು ನಗುತ್ತೆ ಕಣೋ.

ಚಿಕ್ಕ ಯಜಮಾನರು ಬಂದು, ಪೊಲೀಸರು ಬರುವವರೆಗೆ ಯಾರಿಗೂ ಹೇಳಬೇಡಿ ಎಂದರು, ಇಲ್ಲ ಸ್ವಾಮಿ, ಹೇಳಲೇಬೇಕಾದವರು ಒಬ್ಬರಿದ್ದಾರೆ, ಅವಳ ಬಾಯಿಂದಲೇ ಬಂತು ಆ ಮಾತು, ಒದ್ದೆ ಲಂಗ ಎಳೆದುಕೊಂಡು ನಡೆದಳು, ಚರ್ಚಿನ ಪಕ್ಕ, ದಿಕ್ಕಿಲ್ಲದ ಮುದುಕಿಯರಿಗೆ ಕೊಟ್ಟ ಕೋಣೆಗಳ ಸಾಲು, ಪ್ರತಿ ಭಾನುವಾರ ಸೂಪು ಹೊತ್ತುಕೊಂಡು ಬಂದ ದಾರಿಯೇ, ಇವತ್ತು ಕೈ ಬರಿದು. ಅಮ್ಮಾ, ಸೈಲಸ್ ಸಿಕ್ಕ. ಕೆಜಿಯಾ ಹೆಣಿಗೆ ನಿಲ್ಲಿಸಿದಳು, ಎಲ್ಲಿ? ಕೊಳದಲ್ಲಿ, ಗಡಿಯಾರ ಅವನ ಚೀಲದಲ್ಲೇ ಇತ್ತು. ಯಾವ ಕಡೆಗೆ ಹೊರಟಿದ್ದ? ನನ್ನ ಕಡೆಗೆ ಅಮ್ಮಾ, ನಾನು ಗೇಟಲ್ಲಿ ಕಾಯ್ತಿದ್ದೆ, ಓಡಿಹೋದ ಅಂತ ಹೇಳಿದವಳೂ ನಾನೇ. ಗೊತ್ತು ಕಣೇ, ಮನೆ ಬಿಡಿಸೋಕೆ ಬಂದವನೇ ಹೇಳಿದ್ದ. ಗೊತ್ತಿದ್ದೂ ನನ್ನ ಕೈಯ ಸೂಪು ಕುಡಿದ್ಯಾ? ಹಸಿವಾಗ್ತಿತ್ತಲ್ಲ, ಎಂದಳು ಮುದುಕಿ, ಹೆಣಿಗೆಯನ್ನು ಪಕ್ಕಕ್ಕಿಟ್ಟು, ಅಲ್ಲದೆ ನೀನು ಬಿಟ್ರೆ ಅವನ ನೆನಪಿದ್ದೋರು ಈ ಊರಲ್ಲಿ ಇನ್ಯಾರಿದ್ರು — ಬಯ್ಯಬಹುದಿತ್ತು, ಹೊಡೆದಿದ್ದರೂ ಸರಿಯಿತ್ತು, ಕೆಜಿಯಾ ಗೋಡೆ ಹಿಡಿದು ಎದ್ದಳು, ಬಿಳಿ ಬೋಗುಣಿಗೆ ನೀರು ಸುರಿದಳು, ಇಲ್ಲಿ ಕೊಡು ಕೈ, ಎಂಥಾ ಕೆಸರು, ಒಂದೊಂದೇ ಬೆರಳು ಹಿಡಿದು ತೊಳೆಯುತ್ತಾಳೆ, ನೀರು ಕಂದಾಗುತ್ತಿದೆ, ಎಡಗೈ, ಮದುವೆಯುಂಗುರದ ಬೆರಳು, ಅದೊಂದನ್ನು ತೊಳೆದು, ಮತ್ತೆ ತೊಳೆದು, ಬಿಡದೆ ಹಿಡಿದೇ ಇದ್ದಾಳೆ, ಬೋಗುಣಿಯಲ್ಲಿ ಕಂದು ನೀರು, ಬಿಳಿ ಅಂಚು, ಆ ಬೆರಳು.