ಶಿವಕುಮಾರಿಯವರ ಕೋಟಿನ ಎರಡು ಜೇಬು

ಎದುರಿಗಿರುವವರು ಮಾತಿನ ನಡುವೆ ತಡವರಿಸಿದರೆ ಆ ಮಾತನ್ನು ತಾವೇ ಪೂರ್ತಿ ಮಾಡಿಕೊಡುವ ಪರೋಪಕಾರ ಶಿವಕುಮಾರಿಯವರಿಂದ ಈ ಜನ್ಮದಲ್ಲಿ ಆಗದು ಎಂದೇ ಎಲ್ಲರೂ ತಿಳಿದಿದ್ದರು. ಆಟೊದವನು “ಅಮ್ಮಾ, ಅದೇ... ಆ ಸರ್ಕಲ್ಲು...” ಎಂದು ತಡಕಾಡುತ್ತಿದ್ದರೆ, ಹೆಸರು ನಾಲಗೆಯ ತುದಿಯಲ್ಲೇ ಇದ್ದರೂ ಹೇಳದೆ, ತಲೆಯನ್ನು ತುಸು ಎಡಕ್ಕೆ ವಾಲಿಸಿ, ಹುಬ್ಬೇರಿಸಿ ಕಾಯುತ್ತಿದ್ದರು. ಮನೆಯಲ್ಲಿ ಯಜಮಾನರಾದ ಮೂರ್ತಿಯವರು ಏನೋ ಹೇಳಹೊರಟು ಪದ ಮರೆತು, ಅದು ನೆನಪಾಗುವಷ್ಟರಲ್ಲಿ ಕಾಫಿ ಆರಿಹೋದದ್ದೂ ಉಂಟು.

ಶಂಕರಪುರಂನ ಅವರ ಹಳೆಯ ಮನೆಯ ಮುಂಕೋಣೆಯಲ್ಲೇ ಸ್ಪೀಚ್ ಥೆರಪಿ ನಡೆಯುತ್ತದೆ. ಕಿವಿ ಚೆನ್ನಾಗಿದ್ದು, ನಾಲಗೆಯಲ್ಲಿ ದೋಷವಿಲ್ಲದೆಯೂ ಒಂದು ಅಕ್ಷರದ ಜಾಗದಲ್ಲಿ ಇನ್ನೊಂದನ್ನು ನುಡಿಯುವ ಮಕ್ಕಳು ಅಲ್ಲಿಗೆ ಬರುತ್ತಾರೆ. ಬೂದುಬಣ್ಣದ ಖಾದಿ ಕೋಟು ಬೇಸಿಗೆಯಲ್ಲೂ ಅವರ ಮೈಮೇಲಿರುತ್ತದೆ. ಹೇಳಿ ಹೊಲಿಸಿದ ಅದರ ದೊಡ್ಡ ಜೇಬುಗಳಲ್ಲಿ ಎಡಗಡೆ ಆಟಿಕೆಯ ತೆಂಗಿನಕಾಯಿ, ಬಲಗಡೆ ಸೀರೆಯುಟ್ಟ ತಾಯಿಯ ಬೊಂಬೆ. ‘ಕ’ ಬಾರದ ಮಗು ಕಾಯಿ ಬೇಕೆಂದು “ತಾಯಿ” ಎಂದರೆ, ಇವರು ಏನೂ ಅರಿಯದವರಂತೆ ಬೊಂಬೆಯನ್ನೇ ತೆಗೆದುಕೊಡುತ್ತಾರೆ. ಮಗು ಸಿಡುಕುತ್ತದೆ, ಯೋಚಿಸುತ್ತದೆ, ನಾಲಗೆಯನ್ನು ಹಿಂದಕ್ಕೆಳೆದು ಮತ್ತೆ ಪ್ರಯತ್ನಿಸುತ್ತದೆ. “ನಾನು ತಿದ್ದಲ್ಲ ಕಣ್ರೀ. ಅರ್ಥ ಕೆಟ್ಟಾಗ ಮಗು ತಾನೇ ತಿದ್ಕೊಳ್ಳುತ್ತೆ” ಎನ್ನುವುದು ಅವರ ಮಂತ್ರ. ಹಾಗೆ ತಿದ್ದಿಕೊಂಡ ಮಕ್ಕಳು ಇಂದು ಕಾಲೇಜಿನಲ್ಲಿ ಭಾಷಣ ಮಾಡುತ್ತಿದ್ದಾರೆ.

ಒಳಕೋಣೆಯಲ್ಲಿ ಕೆಲಸ ಮಾಡುವ ಕಿರಿಯ ಥೆರಪಿಸ್ಟ್ ವಿಶಾಖಾಳದು ಬೇರೆ ದಾರಿ. ಕೆಲವು ವಾರ ಒಂದು ಅಕ್ಷರ, ಅದು ಪಕ್ವವಾಗದಿದ್ದರೂ ಬಿಟ್ಟು ಇನ್ನೊಂದು, ತಿರುಗಿ ಮತ್ತೆ ಮೊದಲಿನದಕ್ಕೆ. ಮಗು ನುಡಿಯುವುದಕ್ಕೆ ಮುಂಚೆ ಬೇಕಾದಷ್ಟು ಕೇಳಿಸಿಕೊಳ್ಳಬೇಕು. ಶಿವಕುಮಾರಿಯವರ ಪಾಲಿಗೆ ಇದು ಅರೆಬೆಂದ ಅಡುಗೆ.

“ಒಂದೇ ತಪ್ಪು ಮಾಡೋ ಮಗೂಗೆ ನಿಮ್ಮ ಜೋಡಿ ಪದಗಳೇ ಸರಿ ಮೇಡಂ,” ಎನ್ನುತ್ತಿದ್ದಳು ವಿಶಾಖಾ. “ಎಲ್ಲಾ ಅಕ್ಷರಾನೂ ಕಲಸಿಹೋಗಿರೋ ಮಗು ಯಾವುದಂತ ತಿದ್ಕೊಳ್ಳುತ್ತೆ?”

“ಮೊದಲನೇದು,” ಎಂದು ಇವರು ಕಾಫಿ ಲೋಟ ಕೆಳಗಿಡುತ್ತಿದ್ದರು. ವಾದ ಅಲ್ಲಿಗೆ ಮುಗಿಯುತ್ತಿತ್ತು.

ಸಂಧ್ಯಾ ಬಂದದ್ದು ಆ ದಿನಗಳಲ್ಲಿ. ಓಕಳಿಪುರಂನಲ್ಲಿ ತರಕಾರಿ ಅಂಗಡಿ ಇಟ್ಟಿರುವ ಮುನಿರಾಜನ ಪುಟ್ಟ ಮಗಳು. ಅವಳ ಮಾತು ಅಪ್ಪನಿಗೂ ಅರ್ಧಂಬರ್ಧ. ಪೂರ್ತಿ ಅರ್ಥವಾಗುತ್ತಿದ್ದುದು ಅಜ್ಜಿ ಸಪ್ಪಲಮ್ಮನಿಗೊಬ್ಬಳಿಗೇ. ಮೊಮ್ಮಗಳು ಬಾಯಿ ತೆರೆದರೆ ಸಾಕು, ಅಜ್ಜಿ ಲೋಕಕ್ಕೆಲ್ಲ ಬಿಡಿಸಿ ಹೇಳುತ್ತಿದ್ದಳು. ಶಿವಕುಮಾರಿಯವರಿಗೆ ಇದೇ ಅಡ್ಡಿಯಾಗಿ ಕಂಡಿತು.

“ಸಪ್ಪಲಮ್ಮನೋರೆ, ಮನೇಲೂ ನನ್ನ ಹಾಗೇ ಮಾಡಿ. ತಪ್ಪು ಹೇಳಿದ್ರೆ ಅರ್ಥ ಆಗ್ಲಿಲ್ಲ ಅಂತ ಇದ್ದುಬಿಡಿ” ಎಂದರು. ಡಾಕ್ಟರ ಮಾತೆಂದು ಆಕೆ ಅದನ್ನು ವ್ರತದಂತೆ ಪಾಲಿಸಿದಳು.

ಮುಂದಿನ ತಿಂಗಳು ಆಕೆ ಬಾಗಿಲಲ್ಲೇ ನಿಂತಳು.

“ನೀವು ಹೇಳ್ದಂಗೇ ಮಾಡ್ದೆ ಮೇಡಮ್ಮ. ಮೊದ್ಲು ಬಾಯ್ತುಂಬ ಮಾತಾಡೋದು. ಈಗ ಏನ್ ಬೇಕಂದ್ರೂ ಬರೀ ಬೊಟ್ಟು ಮಾಡಿ ತೋರಿಸ್ತದೆ.”

ಹಿಂದೆ ನಿಂತಿದ್ದ ಸಂಧ್ಯಾ ತುಟಿ ಬಿಗಿದುಕೊಂಡು ಕೋಟಿನ ಎಡಜೇಬಿನತ್ತ ಬೆರಳು ಚಾಚಿದಳು. ಶಿವಕುಮಾರಿಯವರಿಗೆ ಆಗ ಹೊಳೆಯಿತು. ಆ ಮಗುವಿನ ಮಾತಿಗೆ ಇಡೀ ಜಗತ್ತಿನಲ್ಲಿ ಇದ್ದದ್ದೇ ಒಂದು ಕಿವಿ. ಅದನ್ನೂ ತಾವು ಮುಚ್ಚಿಸಿದ್ದರು. ನಾಚಿಕೆಗಿಂತ ಹೆಚ್ಚಾಗಿ ಅವರಿಗೆ ಭಯವಾಯಿತು. ಈ ಹುಡುಗಿ ಮಾತೇ ಬೇಡವೆಂದು ತೀರ್ಮಾನಿಸಿಬಿಟ್ಟರೆ?

ನೆಲದ ಮೇಲೆ ಕೂತು ಸಪ್ಪಲಮ್ಮನ ಕೈ ಹಿಡಿದರು. “ತಪ್ಪು ನಂದು. ಇವತ್ತಿಂದ ಅವಳು ಏನಂದ್ರೂ ನಿಮಗೆ ಅರ್ಥ ಆಗ್ಲಿ. ಅಕ್ಷರ ನಾವು ನೋಡ್ಕೊಳ್ತೀವಿ.” ಆಮೇಲೆ ಒಳಕೋಣೆಯತ್ತ ತಿರುಗಿ, “ವಿಶಾಖಾ, ಈ ಮಗು ನಿಂದು” ಎಂದರು. ಅಷ್ಟು ಹೇಳುವುದಕ್ಕೆ ಅವರಿಗೆ ಎಷ್ಟು ಕಷ್ಟವಾಯಿತೆಂದು ಬಲ್ಲವರೇ ಬಲ್ಲರು.

ಈಗ ಸಂಧ್ಯಾ ಬರುವ ದಿನ ಕೋಟು ಗೋಡೆಯ ಮೊಳೆಯ ಮೇಲಿರುತ್ತದೆ. ‘ಕ’ ಒಮ್ಮೆ ಬರುತ್ತದೆ, ಒಮ್ಮೆ ಕೈಕೊಡುತ್ತದೆ. ಮೊನ್ನೆ ಅವಳು ಓಡಿಬಂದು, ಹಸುವೊಂದು ಅಪ್ಪನ ಅಂಗಡಿಯ ಟೊಮೇಟೊ ಬುಟ್ಟಿಗೆ ಬಾಯಿ ಹಾಕಿದ ಕಥೆ ಶುರುಮಾಡಿದಳು. ನಡುವೆ ಪದ ಸಿಗದೆ ನಿಂತು, ಶಿವಕುಮಾರಿಯವರ ಮುಖವನ್ನು ಹೆದರಿಕೆಯಿಂದ ನೋಡಿದಳು. ಆ ತಲೆ ಎಡಕ್ಕೆ ವಾಲಲಿಲ್ಲ.

“ಅಪ್ಪ ಓಡಿಸಿದ್ರಾ?”

“ಊಂ!” ಎಂದು ಹುಡುಗಿ ಹಿಗ್ಗಿ, ಕಥೆಯನ್ನು ಇನ್ನೂ ಉದ್ದ ಮಾಡಿದಳು. ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ಮೂರ್ತಿಯವರು, “ನಮಗೂ ಈ ಭಾಗ್ಯ ಉಂಟಾ?” ಎಂದರು.

ಮಿಕ್ಕ ಮಕ್ಕಳಿಗಾಗಿ ಆ ಕೋಟು ಇಂದಿಗೂ ಮೈಗೇರುತ್ತದೆ, ಕಾಯಿಯೂ ತಾಯಿಯೂ ಜೇಬಿನಲ್ಲಿ ಕುಲುಕುತ್ತವೆ. ಬಾಳಿನುದ್ದಕ್ಕೂ ಒಂದು ವಿದ್ಯೆಯನ್ನು ನಂಬಿ ದುಡಿದವರು ಅದನ್ನು ಸುಲಭಕ್ಕೆ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಒಂದು ಮಗುವಿನ ಮುಂದೆ ಅದನ್ನು ಕಳಚಿ ಮೊಳೆಗೆ ತಗುಲಿಹಾಕಿ, ಬರಿಗೈಯಲ್ಲಿ ಕೂತು ಕೇಳಬಲ್ಲವರು ಅವರಲ್ಲಿ ಕೆಲವರೇ. ಮಕ್ಕಳು ಮಾತು ಕಲಿಯುವುದು ಅಂಥವರಿಗೆ ಏನಾದರೂ ಹೇಳಬೇಕೆಂಬ ಆಸೆಯಿಂದ.